ಲಿಪಿನ್ಸ್ಕಾ ಹೆಂಗಸರ ಕೊನೆಯ ಅಕ್ಷರ

1999ರಲ್ಲಿ ನಾನು ದುಬೈಯ ಅಲ್ ಕ್ವೋಜ್ ಕೈಗಾರಿಕಾ ಪ್ರದೇಶದ ಒಂದು ಮುದ್ರಣಾಲಯದಲ್ಲಿ ಹಿರಿಯ ಪ್ರೂಫ್ ರೀಡರ್ ಆಗಿದ್ದೆ. ಹುಬ್ಬಳ್ಳಿಯ ಪ್ರೆಸ್ಸೊಂದರಲ್ಲಿ ಎಂಟು ವರ್ಷ ಅಚ್ಚಿನ ಮೊಳೆ ಜೋಡಿಸಿ, ಕರಡು ತಿದ್ದಿ, ಗಲ್ಫಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಇಂಗ್ಲಿಷ್ ವಿಭಾಗದಲ್ಲಿ ನನ್ನ ಸಹಿಯಿಲ್ಲದೆ ಒಂದು ಹಾಳೆಯೂ ಯಂತ್ರಕ್ಕೆ ಹೋಗುತ್ತಿರಲಿಲ್ಲ. ಹೋಟೆಲಿನ ಮೆನುವಿನಲ್ಲಿ ಅಲ್ಪವಿರಾಮ ತಪ್ಪಿದ್ದರೂ ಊಟ ರುಚಿಸದ ಮನುಷ್ಯ ನಾನು. ಈರಪ್ಪನ ಕಣ್ಣು ತಪ್ಪಿಸಿ ಒಂದು ತಪ್ಪೂ ಹೊರಗೆ ಹೋಗುವುದಿಲ್ಲ ಎಂದು ಮಾಲೀಕರು ಗಿರಾಕಿಗಳ ಮುಂದೆ ಹೇಳಿದಾಗ ನಾನು ವಿನಯದಿಂದ ತಲೆ ತಗ್ಗಿಸುತ್ತಿದ್ದೆ, ಒಳಗೊಳಗೆ ಉಬ್ಬುತ್ತಿದ್ದೆ. ಆ ಉಬ್ಬು ಇಳಿದ ಕಥೆಯಿದು. ಇಳಿದ ಮೇಲೆ ಅದಕ್ಕಿಂತ ದೊಡ್ಡದೊಂದು ಸಿಕ್ಕಿತು, ಆದ್ದರಿಂದ ಹೇಳಲು ಸಂಕೋಚವಿಲ್ಲ.

ಆ ವರ್ಷದ ಅಕ್ಟೋಬರಿನಲ್ಲಿ ಅಬುಧಾಬಿಯಿಂದ ಹಾಲಿನಾ ಎಂಬ ಪೋಲೆಂಡಿನ ಮಹಿಳೆ ಒಂದು ಕಾದಂಬರಿಯ ಫ್ಲಾಪಿಗಳನ್ನು ಹಿಡಿದುಕೊಂಡು ಬಂದರು. ಗಂಡ ತೈಲ ಕಂಪನಿಯೊಂದರಲ್ಲಿ ಎಂಜಿನಿಯರ್. ಇವರು ಮಕ್ಕಳಿಗೆ ಪಿಯಾನೊ ಕಲಿಸುತ್ತಿದ್ದರು. ಕಾದಂಬರಿ ಇಂಗ್ಲಿಷಿನಲ್ಲಿತ್ತು. ತಮ್ಮ ಭಾಷೆಯಲ್ಲಿ ಏಕೆ ಬರೆಯಲಿಲ್ಲವೆಂದು ಕೇಳಿದೆ. ತಾವು ಪೋಲಿಷ್‌ನಲ್ಲಿ ಮಾತಾಡಿದರೆ ಇಲ್ಲೇ ಬೆಳೆದ ಇಬ್ಬರು ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾರೆ, ಅವರು ಓದಬೇಕೆಂದೇ ಇಂಗ್ಲಿಷಿನಲ್ಲಿ ಬರೆದೆ ಎಂದರು. ನಮ್ಮ ಮಗಳೂ ಅಷ್ಟೆ. ನನಗೆ ಅವರ ಮೇಲೆ ಅಲ್ಲಿಯೇ ವಿಶ್ವಾಸ ಬೆಳೆಯಿತು.

ಪುಸ್ತಕ ಮುನ್ನೂರ ಹನ್ನೆರಡು ಪುಟ. ಲಿಪಿನ್ಸ್ಕಿ ಎಂಬ ಒಂದೇ ಮನೆತನದ ನಾಲ್ಕು ತಲೆಮಾರಿನ ಕಥೆ. ಅದು ಹಾಲಿನಾ ಅವರ ತಾಯಿಯ ತವರು ಮನೆತನದ ನಿಜವಾದ ಹೆಸರು. ಪೋಲೆಂಡನ್ನು ಅಕ್ಕಪಕ್ಕದ ಮೂರು ಸಾಮ್ರಾಜ್ಯಗಳು ಹಂಚಿಕೊಂಡು ನುಂಗಿದ್ದವೆಂದೂ ನೂರಿಪ್ಪತ್ತಮೂರು ವರ್ಷ ಆ ಹೆಸರಿನ ದೇಶವೇ ಭೂಪಟದಲ್ಲಿ ಇರಲಿಲ್ಲವೆಂದೂ ನನಗೆ ತಿಳಿದದ್ದು ಆ ಪ್ರೂಫ್‌ನಿಂದ. ರಾಜನಿಲ್ಲ, ಸೈನ್ಯವಿಲ್ಲ, ಗಡಿಯಿಲ್ಲ. ಅಂಥ ದೇಶದ ಚರಿತ್ರೆಯನ್ನು ಎಲ್ಲಿಂದ ಬರೆಯುವುದು? ಹಾಲಿನಾ ಅಡುಗೆಮನೆಯಿಂದ ಬರೆದಿದ್ದರು. ಹೊರಗೆ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಅಧಿಕಾರಿ ಬರುತ್ತಾನೆ, ಹೋಗುತ್ತಾನೆ. 1918ರಲ್ಲಿ ದೇಶ ಮರಳಿ ಬರುತ್ತದೆ. 1939ರಲ್ಲಿ ಜರ್ಮನ್ ಸೈನ್ಯ ನುಗ್ಗುತ್ತದೆ. ಒಳಗೆ ಅದೇ ಒಲೆ, ಅದೇ ಪ್ರಾರ್ಥನೆ, ಮಕ್ಕಳಿಗೆ ಬಾಗಿಲು ಹಾಕಿಕೊಂಡು ಕಲಿಸುವ ಅದೇ ಭಾಷೆ. ನಮ್ಮಜ್ಜನ ಊರು ಮುಂಬೈ ಪ್ರಾಂತದಲ್ಲಿತ್ತು, ಅಜ್ಜಿಯ ತವರು ನಡೆದು ಹೋಗುವಷ್ಟು ದೂರದಲ್ಲಿದ್ದೂ ನಿಜಾಮನ ಸೀಮೆಯಲ್ಲಿತ್ತು. ಎರಡೂ ಮನೆಯಲ್ಲಿ ಮಾತು ಕನ್ನಡವೇ. ಆದ್ದರಿಂದ ಆ ಕಥೆ ನನಗೆ ಪರಕೀಯ ಅನ್ನಿಸಲಿಲ್ಲ.

ಅನ್ನಿಸಲಿಲ್ಲ ಎಂದು ಈಗ ಬರೆಯುತ್ತಿದ್ದೇನೆ. ಆಗ ನಿಜವಾಗಿ ಓದಿದ್ದೆನೇ ಎಂಬುದೇ ಪ್ರಶ್ನೆ. ಪ್ರೂಫ್ ರೀಡರನ ಕಣ್ಣು ಕಥೆಯ ಮೇಲಿರುವುದಿಲ್ಲ, ಅಕ್ಷರದ ಮೇಲಿರುತ್ತದೆ. ಮೊದಲ ಪ್ರೂಫ್ ಹಾಲಿನಾ ಅವರಿಗೆ ಹೋಗಿ ಸಾಕಷ್ಟು ತಿದ್ದುಪಡಿಯೊಂದಿಗೆ ಮರಳಿತು. ಎರಡನೆಯದನ್ನು ನೋಡುವಾಗ ಒಂದು ವಿಷಯ ನನ್ನ ಕಣ್ಣಿಗೆ ಚುಚ್ಚಿತು. ಮನೆತನದ ಹೆಸರು ಕೆಲವು ಕಡೆ ‘ಲಿಪಿನ್ಸ್ಕಿ’, ಕೆಲವು ಕಡೆ ‘ಲಿಪಿನ್ಸ್ಕಾ’. ವಾಂಡಾ ಎಂಬ ಪಾತ್ರಕ್ಕಂತೂ ಒಂದೇ ಪುಟದಲ್ಲಿ ಎರಡೂ ಇದ್ದವು. ನಮ್ಮ ವೃತ್ತಿಯಲ್ಲಿ ಇದಕ್ಕೆ ಇನ್‌ಕನ್ಸಿಸ್ಟೆನ್ಸಿ ಎನ್ನುತ್ತೇವೆ: ಒಂದು ಹೆಸರಿಗೆ ಒಂದೇ ಕಾಗುಣಿತ ಇರಬೇಕು. ಶೀರ್ಷಿಕೆಯಲ್ಲಿ ‘ಸ್ಕಿ’ ಇತ್ತು, ಮೂಲಪುರುಷ ‘ಸ್ಕಿ’. ಲೇಖಕಿ ಬೆರಳಚ್ಚಿನಲ್ಲಿ ಎಡವಿದ್ದಾರೆಂದು ತೀರ್ಮಾನಿಸಿದೆ. ಕಂಪ್ಯೂಟರಿನಲ್ಲಿ ಒಂದು ಆದೇಶ ಕೊಟ್ಟು ಎಲ್ಲ ‘ಸ್ಕಾ’ಗಳನ್ನೂ ಒಂದೇ ಏಟಿಗೆ ‘ಸ್ಕಿ’ ಮಾಡಿದೆ. ಇಂಥ ಸಂಶಯ ಬಂದಾಗ ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕಿ ಲೇಖಕರನ್ನು ಕೇಳುವುದು ಪದ್ಧತಿ. ಇಷ್ಟು ಸ್ಪಷ್ಟವಾದ ತಪ್ಪಿಗೆ ಕೇಳುವುದೇನು ಎಂದುಕೊಂಡೆ.

ಹಾಲಿನಾ ಎರಡನೆಯ ಪ್ರೂಫ್‌ನಲ್ಲಿ ತಾವು ಹೇಳಿದ ತಿದ್ದುಪಡಿಗಳು ಬಂದಿವೆಯೇ ಎಂದಷ್ಟೇ ನೋಡಿ ಸಹಿ ಮಾಡಿದರು. ಫಿಲ್ಮ್ ತೆಗೆದದ್ದಾಯಿತು. ಫಿಲ್ಮ್ ಎಂದರೆ ಪುಟದ ಪಾರದರ್ಶಕ ನಕಲು, ಅದರಿಂದ ಪ್ಲೇಟ್, ಪ್ಲೇಟಿನಿಂದ ಮುದ್ರಣ. ಪ್ಲೇಟಿಗೆ ಮೊದಲು ಫಿಲ್ಮಿನಿಂದ ನೀಲಿ ಬಣ್ಣದ ಕೊನೆಯ ಮಾದರಿ ತೆಗೆಯುತ್ತೇವೆ, ಅದಕ್ಕೆ ಬ್ಲೂಪ್ರಿಂಟ್ ಎನ್ನುತ್ತೇವೆ. ಅದು ಹಾಲಿನಾ ಅವರ ಕೈ ಸೇರಿದ್ದು ಡಿಸೆಂಬರಿನಲ್ಲಿ, ರಂಜಾನ್ ಶುರುವಾದ ಮೇಲೆ.

ಡಿಸೆಂಬರ್ ಹದಿನೆಂಟು, ಶನಿವಾರ ಬೆಳಿಗ್ಗೆ ಅವರ ಫೋನ್ ಬಂತು. ತೊಂಬತ್ತನಾಲ್ಕನೆಯ ಪುಟ ತೆಗೆದು ಮೂರನೆಯ ಪ್ಯಾರಾ ಗಟ್ಟಿಯಾಗಿ ಓದಿರಿ ಎಂದರು. ದನಿ ತಣ್ಣಗಿತ್ತು. ನಾನು ಓದಿದೆ. ಪ್ರಷ್ಯಾದ ಶಾಲೆ, ಜರ್ಮನ್ ಮೇಷ್ಟ್ರು, ಹತ್ತು ವರ್ಷದ ವಾಂಡಾ ತನ್ನ ಪುಸ್ತಕದ ಮೇಲೆ ಹೆಸರು ಬರೆಯುತ್ತಾಳೆ. ಮೇಷ್ಟ್ರು ಅವಳ ಅಂಗೈಗೆ ಬೆತ್ತದಿಂದ ಹೊಡೆದು ಹೇಳುತ್ತಾನೆ: “ಲಿಪಿನ್ಸ್ಕಿ ಎಂದಲ್ಲ, ಲಿಪಿನ್ಸ್ಕಿ ಎಂದು ಬರೆ.”

ಇನ್ನೊಮ್ಮೆ ಓದಿರಿ ಎಂದರು. ಇನ್ನೊಮ್ಮೆ ಓದುವ ಅಗತ್ಯವಿರಲಿಲ್ಲ. ಅರ್ಥವೇ ಇಲ್ಲದ ಆ ವಾಕ್ಯವನ್ನು ಮೂರು ಸಲ ದಾಟಿ ಹೋಗಿದ್ದೆ, ಅದರ ಕೆಳಗೆ ನನ್ನ ಸಹಿ ಇತ್ತು.

ಆಗ ಅವರು ವಿವರಿಸಿದರು. ಪೋಲಿಷ್‌ನಲ್ಲಿ ಗಂಡಸು ‘ಸ್ಕಿ’, ಅವನ ಹೆಂಡತಿ, ಮಗಳು, ತಂಗಿ ‘ಸ್ಕಾ’. ಪ್ರಷ್ಯಾದ ಸರಕಾರ ಆ ಕೊನೆಯ ‘ಆ’ವನ್ನು ಒಪ್ಪಲಿಲ್ಲ. ದಾಖಲೆಯಲ್ಲಿ ಹೆಂಗಸರನ್ನೂ ‘ಸ್ಕಿ’ ಎಂದೇ ಬರೆಸಿತು. ಆದ್ದರಿಂದ ಕಾದಂಬರಿಯಲ್ಲಿ ವಾಂಡಾ ಕಚೇರಿಯಲ್ಲಿ ಲಿಪಿನ್ಸ್ಕಿ, ಮನೆಯಲ್ಲಿ ಲಿಪಿನ್ಸ್ಕಾ. ದೇಶ ಮರಳಿ ಬಂದ ಮೇಲೆ ಅವಳು ಮೊದಲು ಮಾಡುವ ಕೆಲಸವೇ ನೋಂದಣಿ ಕಚೇರಿಗೆ ಹೋಗಿ ತನ್ನ ‘ಆ’ ವಾಪಸ್ ಪಡೆಯುವುದು. ಇಪ್ಪತ್ತು ವರ್ಷದ ನಂತರ ಜರ್ಮನ್ ಆಕ್ರಮಣದಲ್ಲಿ ಅವಳ ಅಣ್ಣನ ಮಗಳು ಯಾನಿನಾಳ ‘ಆ’ ಮತ್ತೆ ಹೋಗುತ್ತದೆ. ಯಾನಿನಾ ಕಲ್ಪನೆಯ ಪಾತ್ರವಲ್ಲ, ಹಾಲಿನಾ ಅವರ ತಾಯಿ. ಎಪ್ಪತ್ತಮೂರು ವರ್ಷದ ಆಕೆ ಅದೇ ವಾರ ಪೋಲೆಂಡಿನಿಂದ ಬರುತ್ತಿದ್ದರು. ಇಪ್ಪತ್ತನಾಲ್ಕರ ಸಂಜೆ ಅವರಲ್ಲಿ ಕ್ರಿಸ್‌ಮಸ್ಸಿನ ಮುಖ್ಯ ಊಟ. ಅಂದು ಪುಸ್ತಕವನ್ನು ತಾಯಿಯ ಕೈಗಿಡಬೇಕೆಂದು ಹಾಲಿನಾ ಮಾತು ಕೊಟ್ಟಿದ್ದರು. ಆಕೆಗೆ ಹೃದಯದ ತೊಂದರೆ, ಇನ್ನೊಮ್ಮೆ ವಿಮಾನ ಹತ್ತಕೂಡದೆಂದು ವೈದ್ಯರು ಹೇಳಿದ್ದರು.

“ನಮ್ಮಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ ಮಿಸ್ಟರ್ ಈರಪ್ಪ. ಇಡೀ ಪುಸ್ತಕದಲ್ಲಿ ಅವರು ಓದಬಲ್ಲದ್ದು ಆ ಹೆಸರುಗಳನ್ನು ಮಾತ್ರ,” ಎಂದರು ಹಾಲಿನಾ. ಆಮೇಲೆ, “ನಮ್ಮ ಮನೆಯ ಹೆಂಗಸರಿಗೆ ಇದು ಮೂರನೆಯ ಸಲ,” ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೇಷ್ಟ್ರ ಸಾಲಿನಲ್ಲಿ ನಾನೂ ನಿಂತಿದ್ದೆ, ಕೈಯಲ್ಲಿ ಬೆತ್ತದ ಬದಲು ಕಂಪ್ಯೂಟರ್.

ಮಾಲೀಕರಾದ ಅಬು ಸಮೀರ್ ಬಳಿ ಹೋಗಿ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಲೆಬನಾನಿನ ಮನುಷ್ಯ, ಉಪವಾಸದಲ್ಲಿದ್ದರು. ಹೊಸ ಸಹಸ್ರಮಾನದ ಕ್ಯಾಲೆಂಡರುಗಳ ಕೆಲಸ ನೆಲದಿಂದ ಸೂರಿನವರೆಗೆ ರಾಶಿ ಬಿದ್ದಿತ್ತು. ಅವರು ಗೋಡೆಯ ಮೇಲಿನ ಕೆಲಸದ ಪಟ್ಟಿಯ ಮೇಲೆ ಬೆರಳಾಡಿಸಿದರು. “ಮಂಗಳವಾರ ಬೆಳಿಗ್ಗೆ ಯಂತ್ರ ನಿನ್ನದು. ಬುಧವಾರ ಕ್ಯಾಲೆಂಡರಿನದು. ಖಲಾಸ್,” ಎಂದರು. ಅಂದರೆ ಸೋಮವಾರ ಮಧ್ಯಾಹ್ನದೊಳಗೆ ಪುಟಗಳು ಸರಿಯಾಗಿ ಹೊಸ ಫಿಲ್ಮ್ ಆಗಬೇಕು. ರಂಜಾನಿನಲ್ಲಿ ಪ್ರೆಸ್ ಎರಡು ಗಂಟೆಗೇ ಮುಚ್ಚುತ್ತದೆ.

ಹಳೆಯ ಫೈಲಿಗೆ ಮರಳುವ ದಾರಿ ಮುಚ್ಚಿತ್ತು. ಒಂದು ಕೆಲಸಕ್ಕೆ ಒಂದೇ ಫೈಲ್ ಇಡುತ್ತಿದ್ದ ಕಾಲ ಅದು, ಹೊಸದು ಹಳೆಯದರ ಮೇಲೆಯೇ ಕೂತಿತ್ತು. ಫ್ಲಾಪಿಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಹಾಕಿಕೊಂಡಿದ್ದೆವು, ಮೊದಲ ಪ್ರೂಫ್ ಹರಿದು ರದ್ದಿಗೆ ಹೋಗಿತ್ತು. ಹಾಲಿನಾ ಅವರ ಹತ್ತಿರ ಇದ್ದದ್ದು ಬಹಳ ಹಿಂದಿನ ಕರಡು, ಅನಂತರ ಅರ್ಧ ಪುಸ್ತಕವನ್ನೇ ಅವರು ಬದಲಿಸಿದ್ದರು. ಎಲ್ಲ ಹೆಂಗಸರನ್ನೂ ‘ಸ್ಕಾ’ ಮಾಡಿಬಿಡೋಣವೆಂದರೆ ಅದು ಇನ್ನೊಂದು ತಪ್ಪು. ಜರ್ಮನ್ ಅಧಿಕಾರಿಗಳು ‘ಸ್ಕಾ’ ಎಂದು ಕರೆದರೆ ಕಥೆಯೇ ಕೆಡುತ್ತದೆ. ಕಂಪ್ಯೂಟರಿಗೆ ಎಣಿಸಲು ಹೇಳಿದೆ. ನಾನೂರ ಹದಿನೇಳು ‘ಲಿಪಿನ್ಸ್ಕಿ’ಗಳು, ನೂರ ನಲವತ್ತಮೂರು ಪುಟಗಳಲ್ಲಿ.

ಆ ಪುಟಗಳ ಕಟ್ಟು ಹೊತ್ತು ಮಧ್ಯಾಹ್ನ ಸತ್ವಾ ಬಡಾವಣೆಯ ನಮ್ಮ ಮನೆಗೆ ಬಂದೆ. ನನ್ನ ಹೆಂಡತಿ ಸುಮಂಗಲಾ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಮುಖ ನೋಡಿಯೇ ಮಷಿನ್ ನಿಲ್ಲಿಸಿದಳು. ಎಲ್ಲವನ್ನೂ ಹೇಳಿದೆ. ಸಮಾಧಾನ ಮಾಡುತ್ತಾಳೆಂದುಕೊಂಡರೆ ನಕ್ಕಳು.

“ಅಲ್ರೀ, ಬಸಮ್ಮ, ಈರಮ್ಮ, ನಿಂಗಮ್ಮ ಎಲ್ಲಾರ್ನೂ ಬಸಪ್ಪ, ಈರಪ್ಪ, ನಿಂಗಪ್ಪ ಮಾಡಿ ಕುಂತೀರಿ. ಊರಾಗ ಒಬ್ಬ ಹೆಣ್ಣಮಗಳನ್ನೂ ಉಳಿಸಿಲ್ಲಲ್ಲ.”

ನನಗೆ ನಗು ಬರಲಿಲ್ಲ. ಆದರೆ ಎರಡು ತಿಂಗಳು ಕಣ್ಣ ಮುಂದಿದ್ದೂ ತಲೆಗೆ ಹೋಗದ ಪೋಲಿಷ್ ವ್ಯಾಕರಣ ಒಂದೇ ಮಾತಿಗೆ ಹೋಯಿತು. ಅಪ್ಪ, ಅಮ್ಮ. ಸ್ಕಿ, ಸ್ಕಾ. ಇಷ್ಟೇ. ನಮ್ಮೂರಲ್ಲಿ ಹುಟ್ಟಿದ ಯಾವ ಮಗುವಿಗೂ ಹೇಳಿಕೊಡಬೇಕಾಗಿಲ್ಲದ ಸಂಗತಿ. ಇಂಗ್ಲಿಷ್ ಪ್ರೂಫ್ ಓದಿ ಓದಿ ನನಗೆ ಮರೆತಿತ್ತು. ಆದರೂ ಒಂದೇ ಹೆಂಗಸು ಎರಡು ಹೆಸರಿನಲ್ಲಿ ಬರುವ ಕಡೆ ಯಾವುದನ್ನು ಎಲ್ಲಿ ಇಡುವುದು ಎಂಬ ಗಂಟು ಉಳಿದೇ ಇತ್ತು. ಅದನ್ನು ಅವಳ ಮುಂದೆಯೇ ಗೊಣಗಿದೆ.

ಅವಳು ಈ ಸಲ ನಗಲಿಲ್ಲ. ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ರೂಢಿಯಿದೆ. ಅಕ್ಕಿಯಲ್ಲಿ ಉಂಗುರದಿಂದ ನಾನೇ ಬರೆದ ಹೆಸರು ಸುಮಂಗಲಾ. ಅದರ ಬಗ್ಗೆ ಹದಿನೈದು ವರ್ಷದಲ್ಲಿ ಅವಳು ಒಂದು ಮಾತೂ ಆಡಿರಲಿಲ್ಲ.

“ನಮ್ಮ ತವರಮನ್ಯಾಗ ನಾ ಗಂಗವ್ವ. ನಿಮ್ಮ ಮನ್ಯಾಗ ಸುಮಂಗಲಾ. ಇಲ್ಲಿ ವೀಸಾದಾಗ ಮಿಸೆಸ್ ಈರಪ್ಪ. ಮೂರೂ ನಾನ. ಫೋನಿನ್ಯಾಗ ಹೆಸರು ಕೇಳಿದ ಕೂಡ್ಲೆ ಕರಿಯಾವರು ಯಾರು, ಎಲ್ಲಿಯವರು ಅಂತ ನಂಗ ತಿಳಿತೈತಿ. ಯಾರ ಹೆಸರು ಅಂತ ನೋಡಬ್ಯಾಡ್ರಿ. ಯಾರ ಬಾಯಾಗ ಐತಿ ಅಂತ ನೋಡ್ರಿ.”

ಆ ಮಾತು ನನ್ನ ಮೂವತ್ತು ವರ್ಷದ ವೃತ್ತಿಯಲ್ಲಿ ಸಿಕ್ಕ ಅತ್ಯುತ್ತಮ ಸಂಪಾದಕೀಯ ಸೂಚನೆ. ಹೇಳಿದವಳು ಕೂಡಲೇ ರವಿಕೆಯ ತೋಳಿಗೆ ಮರಳಿದಳು.

ಮುದ್ರಣದಲ್ಲಿ ಕೆಟ್ಟು ಹೋದ ಕ್ಯಾಲೆಂಡರ್ ಹಾಳೆಯೊಂದನ್ನು ನೆಲದ ಮೇಲೆ ಹಾಸಿ ಅದರ ಬೆನ್ನ ಮೇಲೆ ಲಿಪಿನ್ಸ್ಕಿ ವಂಶವೃಕ್ಷ ಬರೆದೆ. ಆಮೇಲೆ ಶನಿವಾರದ ಉಳಿದ ಹೊತ್ತು, ಭಾನುವಾರ ಇಡೀ ದಿನ, ಕಾದಂಬರಿಯನ್ನು ಮೊದಲ ಬಾರಿಗೆ ಓದಿದೆ. ತಿದ್ದಲು ಹಲವು ಸಲ ನೋಡಿದ್ದು ಬೇರೆ, ಓದಿದ್ದು ಅದೇ ಮೊದಲು. ಪ್ರತಿ ಹೆಸರಿನ ಮುಂದೆ ನಿಂತು ಕೇಳಿಕೊಂಡೆ: ಯಾರ ಬಾಯಲ್ಲಿ? ಯಾವ ಭಾಷೆಯಲ್ಲಿ? ಮನೆಯವರ ಬಾಯಾದರೆ ಕೆಂಪು ಗೆರೆ, ಕಚೇರಿಯ ಬಾಯಾದರೆ ನೀಲಿ. ಹಾಗೆ ಓದುತ್ತ ಹೋದಂತೆ ಹಾಲಿನಾ ಏನು ಮಾಡಿದ್ದಾರೆಂದು ತಿಳಿಯಿತು. ಯುದ್ಧ, ಒಪ್ಪಂದ, ಬಾವುಟಗಳನ್ನು ಅವರು ಹೆಚ್ಚು ಬರೆದೇ ಇರಲಿಲ್ಲ. ಪುಟದಲ್ಲಿ ನೀಲಿ ಹೆಚ್ಚಾದರೆ ದೇಶ ಹೋಗಿದೆ, ಕೆಂಪು ಹೆಚ್ಚಾದರೆ ದೇಶ ಬಂದಿದೆ. ಒಂದು ರಾಷ್ಟ್ರದ ಏಳುಬೀಳನ್ನು ಒಂದು ಸ್ವರಕ್ಕೆ ಕಟ್ಟಿದ್ದರು, ಆ ಸ್ವರವನ್ನೇ ನಾನು ಕಿತ್ತಿದ್ದೆ. ವಾಂಡಾ ನೋಂದಣಿ ಕಚೇರಿಯಿಂದ ಹೊರಬಂದು ಬೀದಿಯಲ್ಲಿ ತನ್ನ ಹೆಸರನ್ನು ತನಗೇ ಹೇಳಿಕೊಳ್ಳುವ ಪುಟದಲ್ಲಿ ನನಗೆ ಅಳು ಬಂತು. ಹೇಳಲು ನಾಚಿಕೆಯೇನಿಲ್ಲ.

ಲೆಕ್ಕ ಹೀಗೆ ಬಂತು. ಗಂಡಸರು ನೂರ ಇಪ್ಪತ್ತೆಂಟು, ಅವರ ತಂಟೆಯಿಲ್ಲ. ಮರಳಿ ‘ಸ್ಕಾ’ ಆಗಬೇಕಾದ ಹೆಂಗಸರು ಇನ್ನೂರ ಮೂವತ್ತೊಂದು. ಪರರ ಬಾಯಲ್ಲಿ ‘ಸ್ಕಿ’ಯಾಗಿಯೇ ಉಳಿಯಬೇಕಾದ ಹೆಂಗಸರು ಐವತ್ತೆಂಟು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಾಲಿನಾ ಅಬುಧಾಬಿಯಿಂದ ಕಾರು ಓಡಿಸಿಕೊಂಡು ಬಂದರು. ಮುದ್ರಣವೇ ಬೇಡ, ನಿಲ್ಲಿಸಿ ಎನ್ನಲು ಬಂದಿದ್ದರೆಂದು ಆಮೇಲೆ ಗೊತ್ತಾಯಿತು. ನಾನು ಮಾತಾಡದೆ ಪುಟಗಳನ್ನು ಅವರ ಮುಂದಿಟ್ಟೆ. ಮೊದಲ ಹತ್ತು ಪುಟ ಹೆಗಲ ಚೀಲ ಇಳಿಸದೆ ನಿಂತೇ ನೋಡಿದರು, ಮೂವತ್ತನೆಯ ಪುಟಕ್ಕೆ ಕುರ್ಚಿ ಎಳೆದುಕೊಂಡರು. ಉಪವಾಸದವರ ಎದುರು ಚಹಾ ತರಿಸುವಂತಿರಲಿಲ್ಲ, ಇಬ್ಬರೂ ಒಣಗಿದ ಬಾಯಲ್ಲಿ ಒಂದೊಂದೇ ಹೆಸರನ್ನು ದಾಟುತ್ತ ಹೋದೆವು. ಒಂದೇ ಒಂದು ಕಡೆ ಅವರ ಬೆರಳು ನಿಂತಿತು. ಪ್ರಷ್ಯಾದ ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದ ವಾಂಡಾಳ ಅಣ್ಣ ತನ್ನ ಅಧಿಕಾರಿಗೆ ಅವಳನ್ನು ಪರಿಚಯಿಸುತ್ತಾನೆ: ನನ್ನ ತಂಗಿ, ವಾಂಡಾ ಲಿಪಿನ್ಸ್ಕಿ. ಅದಕ್ಕೆ ನಾನು ನೀಲಿ ಗೆರೆ ಹಾಕಿದ್ದೆ.

ಅಣ್ಣ ಮನೆಯವನಲ್ಲವೇ, ಅವನೇಕೆ ‘ಸ್ಕಿ’ ಎನ್ನುತ್ತಾನೆ ಎಂದು ಕೇಳಿದರು. ಅವನು ಅಧಿಕಾರಿಯ ಮುಂದೆ ಜರ್ಮನ್‌ನಲ್ಲಿ ಮಾತಾಡುತ್ತಿದ್ದಾನೆ, ಮುಂದಿನ ಪುಟದಿಂದ ವಾಂಡಾ ಅವನೊಡನೆ ಮಾತು ಬಿಡುತ್ತಾಳೆ, ಬಿಡಲು ಇದೇ ಕಾರಣವೆಂದುಕೊಂಡೆ ಎಂದೆ. ಅವರು ಆ ಸಾಲನ್ನೂ ಮುಂದಿನ ಪುಟವನ್ನೂ ಮತ್ತೆ ಓದಿದರು.

“ನಾನು ಬರೆದದ್ದು ‘ಸ್ಕಾ’,” ಎಂದರು. “ಅವಳು ಮಾತು ಬಿಟ್ಟದ್ದು ಏಕೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ನಿಮ್ಮದೇ ಇರಲಿ.”

ಎರಡು ದಿನದ ಹಿಂದೆ ನೆಲಕ್ಕಿಳಿದಿದ್ದ ಮನುಷ್ಯ ಆ ಕ್ಷಣ, ಆ ತಿಂಗಳಷ್ಟೇ ತೆರೆದಿದ್ದ ಬುರ್ಜ್ ಹೋಟೆಲಿನ ತುದಿಯಲ್ಲಿದ್ದೆ. ಅಬು ಸಮೀರ್ ಗಾಜಿನಾಚೆ ನಿಂತು ನೋಡುತ್ತಿದ್ದರು. ಅಂದು ಎರಡು ಗಂಟೆಗೆ ಪ್ರೆಸ್ ಮುಚ್ಚಬೇಕಿತ್ತು. ಫಿಲ್ಮ್ ವಿಭಾಗದ ಇಬ್ಬರು ಕೇರಳದವರು ಮನೆಗೆ ಹೋಗದೆ ನಿಂತು ನಾಲ್ಕಕ್ಕೆ ಕೊನೆಯ ಫಿಲ್ಮ್ ಕೊಟ್ಟರು. ಮಂಗಳವಾರ ಬೆಳಿಗ್ಗೆ ಯಂತ್ರ ತಿರುಗಿತು. ಮೊದಲ ಹಾಳೆ ಎತ್ತಿ ನೋಡಿದ ಅಬು ಸಮೀರ್ “ಯಲ್ಲಾ”, ಅಂದರೆ ನಡೆಯಲಿ, ಎಂದಷ್ಟೇ ಹೇಳಿ ಹೋದರು. ಅವರ ಬಾಯಿಂದ ಅದೇ ದೊಡ್ಡ ಶಭಾಷ್.

ಬೈಂಡಿಂಗಿನಿಂದ ಬಂದ ಮೊದಲ ಹತ್ತು ಪ್ರತಿಗಳನ್ನು ಹಿಡಿದು ಶುಕ್ರವಾರ ಸುಮಂಗಲಾ ಮತ್ತು ನಾನು ಬರ್ ದುಬೈಯಿಂದ ಅಬುಧಾಬಿಯ ಮಿನಿಬಸ್ ಹತ್ತಿದೆವು. ಹಾಲಿನಾ ಅವರ ಫ್ಲ್ಯಾಟ್ ಖಾಲಿದಿಯಾದಲ್ಲಿತ್ತು. ಬಾಗಿಲಲ್ಲೇ ಕೊಟ್ಟು ಹೊರಡುವ ಯೋಚನೆ ನಮ್ಮದು. ಅವರು ಬಿಡಲಿಲ್ಲ. ಆ ಸಂಜೆಯ ಊಟಕ್ಕೆ ಹೇಳದೆ ಬರುವ ಅತಿಥಿಗಾಗಿ ಒಂದು ಕುರ್ಚಿ ಖಾಲಿ ಇಡುವುದು ಅವರ ಸಂಪ್ರದಾಯವಂತೆ. ಅದರಲ್ಲಿ ಸುಮಂಗಲಾಳನ್ನು ಕೂರಿಸಿ, ನನಗೆ ಪಿಯಾನೊದ ಸ್ಟೂಲ್ ತಂದರು. ಅಂದು ಅವರು ಮಾಂಸ ಮುಟ್ಟುವುದಿಲ್ಲ, ಮೀನೊಂದನ್ನು ಬಿಟ್ಟರೆ ಎಲ್ಲವೂ ನಮಗೆ ನಡೆಯುವಂಥದ್ದೇ. ಬೀಟ್‌ರೂಟಿನ ಸಾರು ನಮ್ಮವಳಿಗೆ ಹಿಡಿಸಿತು.

ಊಟಕ್ಕೆ ಮೊದಲು ಪುಸ್ತಕವನ್ನು ತಾಯಿಯ ಕೈಗಿಟ್ಟರು. ಯಾನಿನಾ ಸಣ್ಣ ಆಳು, ನೆಟ್ಟಗಿನ ಬೆನ್ನು. ಭೂತಗನ್ನಡಿ ಹಿಡಿದು ಮೊದಲ ಪುಟದಿಂದ ಶುರು ಮಾಡಿದರು. ಇಂಗ್ಲಿಷ್ ಸಾಲುಗಳ ಮೇಲೆ ಬೆರಳು ಜಾರುತ್ತ ಹೋಗಿ ಹೆಸರು ಬಂದಲ್ಲಿ ನಿಲ್ಲುತ್ತಿತ್ತು. ನಿಂತಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಲಿಪಿನ್ಸ್ಕಿ. ಲಿಪಿನ್ಸ್ಕಾ. ಲಿಪಿನ್ಸ್ಕಾ. ಮೊಮ್ಮಕ್ಕಳಿಬ್ಬರೂ ಟಿವಿ ಆರಿಸಿ ಅಜ್ಜಿಯ ಹಿಂದೆ ಬಂದು ನಿಂತರು. ಹಾಗೆ ಹಾಳೆ ಮಗುಚುತ್ತ ಇನ್ನೂರರಾಚೆ ಹೋದಾಗ ಬೆರಳು ನಿಂತಿತು, ಬಾಯಿ ತೆರೆಯಲಿಲ್ಲ. ಆ ಪುಟ ನನಗೆ ದೂರದಿಂದಲೇ ಗುರುತು ಸಿಕ್ಕಿತು. 1940ರ ಕಾರ್ಮಿಕ ಕಚೇರಿ. ಹದಿನಾಲ್ಕು ವರ್ಷದ ಹುಡುಗಿಯನ್ನು ಜರ್ಮನ್ ಅಧಿಕಾರಿ ಹೆಸರು ಹಿಡಿದು ಕರೆಯುತ್ತಾನೆ: ಯಾನಿನಾ ಲಿಪಿನ್ಸ್ಕಿ. ಅದು ಅವರದೇ ಹೆಸರು, ತಪ್ಪಾಗಿ. ನಾನು ಉದ್ದೇಶಪೂರ್ವಕವಾಗಿ ಉಳಿಸಿದ ಐವತ್ತೆಂಟರಲ್ಲಿ ಒಂದು.

ಆಕೆ ತಲೆಯೆತ್ತಿ ಮಗಳನ್ನು ನೋಡಿದರು. ಅದು ಆ ಅಧಿಕಾರಿಯ ಬಾಯಲ್ಲಿ ಬಂದ ಮಾತು, ಅವರಿಗೆ ಹೇಳಿ ಎಂದು ಹಾಲಿನಾ ಅವರನ್ನು ಕೇಳಿಕೊಂಡೆ. ಹೇಳಿದರು. ಮುದುಕಿ ಮತ್ತೆ ಕನ್ನಡಿ ಹಿಡಿದು ಆ ಹೆಸರನ್ನು ನೋಡಿ, ನಿಧಾನವಾಗಿ ತಲೆಯಾಡಿಸಿ ಏನೋ ಅಂದರು. ಹಾಲಿನಾ ನನ್ನ ಕಡೆ ತಿರುಗಿದರು. “ಹೌದು, ಅವನು ಹಾಗೆಯೇ ಕರೆದ. ಬಾಗಿಲ ಹತ್ತಿರ ನಿಂತಿದ್ದ ನನಗೆ ಕೇಳಿಸಿತು, ಅನ್ನುತ್ತಿದ್ದಾರೆ.”

ನಿವೃತ್ತನಾಗಿ ಕೆಲವು ವರ್ಷವಾಯಿತು. ಹೊಸಬರು ಈ ಕೆಲಸದ ಗುಟ್ಟೇನೆಂದು ಕೇಳಿದರೆ ಅಂಚಿನ ಪ್ರಶ್ನೆಚಿಹ್ನೆಯನ್ನು ತೋರಿಸುತ್ತೇನೆ. ತಪ್ಪು ಹುಡುಕುವುದು ಕಣ್ಣಿದ್ದವರೆಲ್ಲ ಮಾಡುವ ಕೆಲಸ. ತಪ್ಪಿನಂತೆ ಕಾಣುವುದರ ಮುಂದೆ ಕೈ ತಡೆದು, ಇದು ಯಾರ ಮಾತು ಎಂದು ಕೇಳುವುದನ್ನು ಕಲಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಕಲಿಸಿದ ಪಾಠಪುಸ್ತಕ ಆ ಸಂಜೆ ಯಾನಿನಾ ಅವರ ತೊಡೆಯ ಮೇಲಿತ್ತು. ಆಕೆ ಅಧಿಕಾರಿಯ ಪುಟವನ್ನು ಮಗುಚಿದರು. ಮುಂದಿನ ಪುಟದಲ್ಲಿ ಹುಡುಗಿ ಮನೆಗೆ ಬರುತ್ತಾಳೆ, ತಾಯಿ ಬಾಗಿಲು ತೆರೆದು ಪೂರ್ತಿ ಹೆಸರು ಹಿಡಿದು ಕರೆಯುತ್ತಾಳೆ. ಬೆರಳು ಅಲ್ಲಿ ನಿಂತಿತು. ಆಕೆ ಬಾಯಿ ತೆರೆಯುವ ಮೊದಲೇ ಹಿಂದೆ ನಿಂತಿದ್ದ ಮೊಮ್ಮಗಳು, ಅಜ್ಜಿಯ ಮಾತಿಗೆ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದವಳು, ಅಜ್ಜಿಯ ಭುಜದ ಮೇಲಿಂದ ಬಗ್ಗಿ ಓದಿದಳು: “ಯಾನಿನಾ ಲಿಪಿನ್ಸ್ಕಾ.”